ಅತ್ತೆಯ ಕೈಗೆ ಒಗ್ಗುವ ಲ್ಯಾವೆಂಡರ್

ಭಾನುವಾರ ಬೆಳಿಗ್ಗೆ ಅವಲಕ್ಕಿ ತಿಂದು, ಅತ್ತೆಯನ್ನು ಹೊರಡಿಸಿಕೊಂಡು ಡೊಂಬಿವಲಿಯಿಂದ ಠಾಣೆಗೆ ಹೋಗುವ ಸ್ಲೋ ಲೋಕಲ್ ರೈಲು ಹತ್ತಿದೆ. ಮಳೆಗಾಲ ಮುಗಿದು ಗಾಳಿ ಹಿತವಾಗಿತ್ತು. ನಮ್ಮ ಮನೆಯ ಗ್ಯಾಲರಿಗೆ, ಅಂದರೆ ಬಾಲ್ಕನಿಗೆ, ಲ್ಯಾವೆಂಡರ್ ಗಿಡ ತರಬೇಕಿತ್ತು. ಹಿಂದೆ ತಂದ ಎರಡೂ ಸತ್ತಿದ್ದವು. ಧಾರವಾಡದಲ್ಲಿದ್ದಾಗ ಒಣ ಕಡ್ಡಿಯನ್ನೂ ಚಿಗುರಿಸುತ್ತಿದ್ದ ಅತ್ತೆ, ತಮ್ಮ ಕೈಗುಣವೇ ಹೋಯಿತೆಂದು ಕುಂಡಗಳನ್ನು ಮುಟ್ಟುವುದನ್ನೇ ಬಿಟ್ಟಿದ್ದರು. ಅವರು ಸುಮ್ಮನೆ ಕೂತಿರುವುದನ್ನು ನೋಡಲು ನನಗೆ ಸಂಕಟವಾಗುತ್ತಿತ್ತು.

ದಿವಾ ಸ್ಟೇಷನ್ನಿನಲ್ಲಿ ಜನ ನುಗ್ಗಿದರು. ಲೇಡೀಸ್ ಡಬ್ಬಿಯಲ್ಲಿ ನಾನು ಮೂವರ ಸೀಟಿನ ತುದಿಗೆ, ಫೋರ್ತ್ ಸೀಟಿಗೆ ಸರಿದೆ, ಅಂದರೆ ಅರ್ಧ ದೇಹ ಗಾಳಿಯಲ್ಲಿ. ಕಿಟಕಿ ಹಿಡಿದ ಅತ್ತೆ ಮುಂಬ್ರಾ ಗುಡ್ಡ ನೋಡುತ್ತ, ಗಿಡ ನೀನೇ ಆರಿಸು, ನಾನು ಮುಟ್ಟುವುದಿಲ್ಲ ಎಂದರು. ಠಾಣೆಯಲ್ಲಿಳಿದು ಚಹಾ ಕುಡಿದು, ರಿಕ್ಷಾ ಹಿಡಿದು ಮಾಜಿವಾಡಾ ದಾಟಿ ಗಿಡ ಮಾರುವ ನರ್ಸರಿಗೆ ಹೋದೆವು.

ಅಲ್ಲಿ ಮೂರು ಅಳತೆಯ ಲ್ಯಾವೆಂಡರ್ ಗಿಡಗಳಿದ್ದವು. ಹೆಬ್ಬೆರಳುದ್ದದ ಸಸಿ, ಗೇಣುದ್ದದ್ದು, ಮೈತುಂಬ ಹೂಬಿಟ್ಟ ದೊಡ್ಡ ಪೊದೆ. ನಾನು ನೇರ ಪೊದೆಯ ಮುಂದೆ ನಿಂತೆ. ಹಿಂದಿನ ಸಲವೂ ಅಂಥದ್ದನ್ನೇ ಒಯ್ದಿದ್ದೆ.

ಹಿಂದಿನ ಎರಡೂ ಸತ್ತವು ಎಂದೆ. ನೀರು ಹೇಗೆ ಹಾಕುತ್ತಿದ್ದಿರಿ ಎಂದು ನರ್ಸರಿಯ ಮಾಲೀಕ ಮರಾಠಿಯಲ್ಲಿ ಕೇಳಿದ. ದಿನಾ ಸ್ನಾನವಾದ ಮೇಲೆ ಮೊದಲ ತಂಬಿಗೆ ತುಳಸಿಗೆ, ಆಮೇಲೆ ಉಳಿದ ಗಿಡಗಳಿಗೆಲ್ಲ ಒಂದೊಂದು ಹಾಕುತ್ತಿದ್ದೆ ಎಂದರು ಅತ್ತೆ. ಪಂಕ್ತಿಯಲ್ಲಿ ಕೂತವರಲ್ಲಿ ಒಬ್ಬರಿಗೆ ಮಾತ್ರ ಬಡಿಸದೆ ಹೇಗೆ ಬಿಡುವುದು ಎಂಬ ಲೆಕ್ಕ ಅವರದು. ಮಾಲೀಕ ನಕ್ಕುಬಿಟ್ಟ. ಲ್ಯಾವೆಂಡರಿಗೆ ಮಣ್ಣು ಒಣಗಿದ ಮೇಲಷ್ಟೇ ನೀರು, ಮಳೆಯಲ್ಲಂತೂ ಒಳಗೇ ಇಡಬೇಕು, ಇಲ್ಲದಿದ್ದರೆ ಬೇರು ಕೊಳೆಯುತ್ತದೆ ಎಂದ.

ಅತ್ತೆ ನನ್ನ ಕಡೆ ತಿರುಗಿ, "ಅಂದ್ರ ನನ್ನ ಕೈಗುಣಾ ಕೆಟ್ಟಿಲ್ಲ, ನೀರು ಹೆಚ್ಚಾತು" ಎಂದರು. ಹೌದೆಂದೆ. ಅವರ ಮುಖ ಅರಳಿದ್ದು ನೋಡಿ ನನ್ನ ಕಣ್ಣು ತುಂಬಿತು.

ಮರುಕ್ಷಣವೇ ಸೆರಗು ಸಿಕ್ಕಿಸಿ ಪೊದೆಯ ಕುಂಡ ಎತ್ತಲು ಹೋದರು, ಅದು ಅಲುಗಲಿಲ್ಲ. "ಮಳಿ ಬಂದ್ರ ಇದನ್ನ ಒಳಗ ಯಾರು ತರೋರು? ನೀ ಆಫೀಸಿನ್ಯಾಗಿರ್ತಿ" ಎಂದು ನನ್ನ ಆಸೆಗೆ ತಣ್ಣೀರೆರಚಿದರು. ಸಸಿ ನಮ್ಮ ಮೂರನೇ ಮಹಡಿಯ ಗಾಳಿಗೆ ತಡೆಯದು ಎಂದು ಪಕ್ಕಕ್ಕಿಟ್ಟರು. ಗೇಣುದ್ದದ್ದನ್ನು ಒಂದೇ ಕೈಯಲ್ಲಿ ಎತ್ತಿ, ಇಳಿಸಿ, ಮತ್ತೆ ಎತ್ತಿ ನೋಡಿ ಅದನ್ನೇ ಆರಿಸಿದರು.

ಸಂಜೆ ಡೊಂಬಿವಲಿ ಸ್ಟೇಷನ್ನಿನ ಸೇತುವೆ ಮೆಟ್ಟಿಲಲ್ಲಿ ನೂಕುನುಗ್ಗಲಿತ್ತು. ಕುಂಡ ಇಸಿದುಕೊಳ್ಳಲು ಕೈ ಚಾಚಿದೆ. ಅತ್ತೆ ಅದನ್ನು ಎದೆಗೊತ್ತಿಕೊಂಡು, "ನಿನಗ ಗಿಡಾ ಹಿಡ್ಯಾಕ ಬರಂಗಿಲ್ಲ, ನೀ ಚೀಲಾ ಹಿಡಿ" ಎಂದು ಗದರಿ ಮುಂದೆ ಹತ್ತಿದರು. ಖುಷಿಯಿಂದ ಚೀಲ ಹಿಡಿದು ಅವರ ಹಿಂದೆ ನಡೆದೆ.