ತಮ್ಮನಿಗೆ ಹೇಳದೆ ವಿಮೆಯವರಿಗೆ ಹೇಳಿದ್ದು

ಕಾರು ನನ್ನ ಹೆಸರಿನಲ್ಲಿತ್ತು, ಓಡಿಸುತ್ತಿದ್ದವನು ನನ್ನ ತಮ್ಮ. ನಾನು ಚನ್ನಗಿರಿಯಲ್ಲಿ ಶಾಲಾ ಶಿಕ್ಷಕಿ, ನನಗೆ ಡ್ರೈವಿಂಗ್ ಬರುವುದಿಲ್ಲ. ಕಾರಿನ ಸಾಲಕ್ಕೆ ಬ್ಯಾಂಕಿನವರು ಸಂಬಳದವರ ಹೆಸರು ಕೇಳಿದ್ದರಿಂದ ಹಾಗಾಗಿತ್ತು, ಅಷ್ಟೆ. ಕಾರು ನಿಲ್ಲುತ್ತಿದ್ದುದು ಬಸವಾಪಟ್ಟಣದ ಅವನ ಮನೆ ಮುಂದೆ. ಅಲ್ಲಿ ಅವನು ಪಂಪ್‌ಸೆಟ್ ಮೋಟರುಗಳ ರಿಪೇರಿ ಮಾಡುತ್ತಾನೆ.

ಅವನ ಹೆಂಡತಿಗೆ ಏಳನೇ ತಿಂಗಳಲ್ಲಿ ರಕ್ತಸ್ರಾವವಾದಾಗ ಅದೇ ಕಾರಿನಲ್ಲಿ ದಾವಣಗೆರೆಗೆ ಕರೆದೊಯ್ದ. ದಾರಿಯಲ್ಲಿ ಮೆಕ್ಕೆಜೋಳ ಹೇರಿದ ಲಾರಿಗಳ ಸಾಲು. ಏರಿನಲ್ಲಿ ಕಾರಿಗೆ ಅವನ್ನು ದಾಟುವ ಶಕ್ತಿ ಸಾಲದೆ ಹಿಂದೆಯೇ ತೆವಳಿತು. ಆಕೆ ಉಳಿದಳು, ಮಗು ಉಳಿಯಲಿಲ್ಲ. ತಡವಾದದ್ದರಿಂದ ಹೀಗಾಗಿದ್ದಲ್ಲ ಎಂದು ಡಾಕ್ಟರು ಹೇಳಿದರು. ತಮ್ಮ ನಂಬಲಿಲ್ಲ.

ಕೆಲವು ತಿಂಗಳ ಮೇಲೆ ದಾವಣಗೆರೆಯ ಒಂದು ಗ್ಯಾರೇಜಿನಲ್ಲಿ ಇಂಜಿನ್ನಿಗೆ ಕಂಪ್ಯೂಟರ್ ಹಚ್ಚಿಸಿ ಪವರ್ ಹೆಚ್ಚಿಸಿಕೊಂಡು ಬಂದ. ನನ್ನನ್ನು ಕೂರಿಸಿಕೊಂಡು ಸೂಳೆಕೆರೆ ಕಡೆ ಹೋಗಿ ತೋರಿಸಿದ. ಆಕ್ಸಿಲರೇಟರ್ ಮೇಲೆ ಕಾಲಿಟ್ಟ ಕೂಡಲೇ ಕಾರು ಮುಂದಕ್ಕೆ ಎಗರಿತು. ನಾನು ಹಿಡಿಕೆಯನ್ನು ಬಿಗಿಯಾಗಿ ಹಿಡಿದುಕೊಂಡೆ. ಬೇಡ ಎನ್ನಲು ಬಾಯಿ ಬರಲಿಲ್ಲ. ಬೇಡ ಎಂದರೆ ಮಗುವಿನ ಮಾತು ಬರುತ್ತಿತ್ತು.

ವಿಮೆ ನವೀಕರಣಕ್ಕೆ ಕಂಪನಿಯಿಂದ ಫೋನ್ ಬಂದಾಗ ನಾನು ಶಾಲೆಯ ವರಾಂಡದಲ್ಲಿದ್ದೆ. ಗಾಡಿಯಲ್ಲಿ ಏನಾದರೂ ಬದಲಾವಣೆ ಮಾಡಿಸಿದ್ದೀರಾ ಎಂದು ಆ ಹುಡುಗಿ ಕೇಳಿದಳು. ಇಲ್ಲ ಎಂದು ನಾಲಿಗೆ ತುದಿಗೆ ಬಂದಿತ್ತು. ಮುಚ್ಚಿಟ್ಟರೆ ಅಪಘಾತವಾದಾಗ ಪರಿಹಾರ ಕೊಡದೇ ಹೋಗಬಹುದು ಎಂದು ಯಾರೋ ಹೇಳಿದ್ದು ನೆನಪಾಗಿ ಇಂಜಿನ್ನಿನ ಸಂಗತಿ ಹೇಳಿಬಿಟ್ಟೆ. ಗಾಡಿ ನೋಡಲು ಒಬ್ಬರು ಬರುತ್ತಾರೆ ಎಂದಳು. ತಮ್ಮನ ಮನೆ ವಿಳಾಸ ಕೊಟ್ಟೆ. ಸಂಜೆ ಅವನಿಗೆ ತಿಳಿಸಬೇಕೆಂದುಕೊಂಡೆ. ಸಂಜೆ ನಾಳೆಯಾಯಿತು, ನಾಳೆ ನಾಡಿದ್ದಾಯಿತು.

ಆಮೇಲೆ ಅವನದೇ ಫೋನ್ ಬಂತು. "ಅಕ್ಕಾ, ಇನ್ಶೂರೆನ್ಸ್‌ನೋರು ಬಂದು ಬಾನೆಟ್ ತೆಗೆಸ್ಯಾರೆ. ಇಂಜಿನ್ ವಿಷಯ ನೀನೇ ಹೇಳಿದ್ಯಂತೆ, ಹೌದಾ?"

ಹೌದು ಎಂದೆ. ಅವನು ಫೋನ್ ಇಟ್ಟ.

ಇಂಜಿನ್ ಮೊದಲಿದ್ದಂತೆ ಮಾಡಿಸಿದರೆ ಮಾತ್ರ ವಿಮೆ ಮುಂದುವರಿಸುತ್ತೇವೆ ಎಂದಿತು ಕಂಪನಿ. ಅವನು ತಕರಾರಿಲ್ಲದೆ ಮಾಡಿಸಿದ. ಗಾಡಿಯನ್ನು ನಮ್ಮ ಮನೆ ಮುಂದೆ ತಂದು ನಿಲ್ಲಿಸಿ, ಕೀ ಕೊಟ್ಟು, ಚಹಾ ಬೇಡವೆಂದು ಬಸ್ಸಿಗೆ ಹೋದ.

ಎರಡು ದಿನ ಬಿಟ್ಟು ಅವನ ಹೆಂಡತಿ ಮಾತಾಡಿದಳು. ಒಳ್ಳೆಯದೇ ಆಯಿತು, ಆ ವೇಗಕ್ಕೆ ತನಗೂ ಭಯವಿತ್ತು, ಗಂಡನಿಗೆ ಹೇಳಲು ಆಗುತ್ತಿರಲಿಲ್ಲ ಎಂದಳು. ಅದನ್ನು ಕೇಳಿ ನನ್ನ ಮನಸ್ಸು ಹಗುರಾಗಬೇಕಿತ್ತು, ಇನ್ನಷ್ಟು ಭಾರವಾಯಿತು. ಇಬ್ಬರೂ ಹೆದರಿಕೊಂಡು ಅವನ ದುಃಖವನ್ನು ಅವನಿಗೇ ಬಿಟ್ಟಿದ್ದೆವು. ಕೊನೆಗೆ ನಾನು ಬಾಯಿ ಬಿಟ್ಟದ್ದು ಗುರುತಿಲ್ಲದ ಹುಡುಗಿಯೊಬ್ಬಳ ಹತ್ತಿರ.

ಭಾನುವಾರ ಕೀ ಹಿಡಿದುಕೊಂಡು ಬಸ್ಸಿನಲ್ಲಿ ಬಸವಾಪಟ್ಟಣಕ್ಕೆ ಹೋದೆ. ಅವನು ಅಂಗಡಿಯಲ್ಲಿ ಮೋಟರಿಗೆ ತಂತಿ ಸುತ್ತುತ್ತಿದ್ದ. ಪಕ್ಕದಲ್ಲಿ ಕೂತು, ನಿನ್ನನ್ನು ಕೇಳದೆ ಹೇಳಿದ್ದು ನನ್ನ ತಪ್ಪು ಎಂದೆ.

"ಹೇಳಿದ್ದು ತಪ್ಪಲ್ಲಕ್ಕ," ಎಂದ, ಸುತ್ತುವುದನ್ನು ನಿಲ್ಲಿಸದೆ. "ನನ್ ಜೊತೆ ಮಾತಾಡಾಕೆ ಅಷ್ಟು ಹೆದರ್ಕಂಡ್ಯಲ್ಲ, ಅದಕ್ಕೆ ಬೇಜಾರು."

ಆಮೇಲೆ ಅವನೇ ಆ ದಾರಿಯ ಮಾತು ತೆಗೆದ. ಲಾರಿ, ಏರು, ಹಿಂದಿನ ಸೀಟಿನಲ್ಲಿ ಹೆಂಡತಿ ದೇವರನ್ನು ಕರೆಯುತ್ತಿದ್ದುದು. ಅಲ್ಲಿಯವರೆಗೆ ಯಾರಿಗೂ ಹೇಳಿರಲಿಲ್ಲವಂತೆ. ಊಟದ ಹೊತ್ತು ಮೀರಿತು. ಅವನ ಹೆಂಡತಿ ಬಾಗಿಲ ಹತ್ತಿರ ಬಂದು ನಿಂತು ಕೇಳಿಸಿಕೊಂಡಳು, ಕರೆಯಲಿಲ್ಲ.