ಏರಿಯ ಮೇಲಿನ ಹುತ್ತ

ಚಾಮರಾಜಪುರಂನ ಮನೆಯಲ್ಲಿ ಮಧ್ಯಾಹ್ನ ಕಣ್ಣು ಮುಚ್ಚಿದರೆ ನಮ್ಮ ಕಟ್ಟೆಯ ನೀರೇ ಕಾಣುತ್ತದೆ. ಅಶೋಕಪುರಂ ದಾಟಿ, ರಿಂಗ್ ರೋಡಿನಾಚೆ, ತಾತ ಸ್ವಂತ ಹೊಲದಲ್ಲಿ ಮಣ್ಣಿನ ಏರಿ ಹಾಕಿಸಿ ಹಳ್ಳದ ನೀರು ನಿಲ್ಲಿಸಿದ್ದ ಪುಟ್ಟ ಕಟ್ಟೆ. ಅಪ್ಪ ಹೋದ ಮೇಲೆ ಅದು ನನ್ನ ಕೊರಳಿಗೆ ಬಿತ್ತು. ಭಾನುವಾರ ಸ್ಕೂಟರಿನಲ್ಲಿ ಹೋಗಿ ತೂಬು ನೋಡಿ ಏರಿಯ ಮೇಲೆ ಕೂತರೆ ಹೊತ್ತು ಹೋದದ್ದೇ ತಿಳಿಯದು. ನೀರಿನೊಳಗೆ ಬೆಟ್ಟ ತಲೆಕೆಳಗಾಗಿ ತೂಕಡಿಸುತ್ತಿರುತ್ತದೆ, ಅದರ ಮೇಲೆ ಮೋಡ ಮೆಲ್ಲಗೆ ಸಾಗುತ್ತದೆ. ನಾನೂ ತೂಕಡಿಸುತ್ತೇನೆ.

ಏರಿಯ ಮೇಲೆ ಒಂದು ಹುತ್ತವಿತ್ತು. ಗಿಡವಾಗಲಿ ಹುತ್ತವಾಗಲಿ ಏರಿಯನ್ನು ಟೊಳ್ಳು ಮಾಡುತ್ತದೆ, ನೀರು ಅಲ್ಲೇ ದಾರಿ ಹುಡುಕುತ್ತದೆ ಎನ್ನುತ್ತಿದ್ದರು ಅಪ್ಪ. ಗಿಡ ಕೀಳುತ್ತಿದ್ದರು, ಹುತ್ತ ಮುಟ್ಟುತ್ತಿರಲಿಲ್ಲ. ಅದು ನಮ್ಮ ದೊಡ್ಡಮ್ಮನದು. ಮಗುವಾಗಲೆಂದು ಮದುವೆಯಾದ ವರ್ಷದಿಂದ ನಾಗರಪಂಚಮಿಗೆ ಅದಕ್ಕೆ ಹಾಲೆರೆದವಳು. ಮಗು ಆಗಲಿಲ್ಲ, ಹಾಲೂ ನಿಲ್ಲಲಿಲ್ಲ. ನನಗೆ ಮೂಗಿನ ತುದಿಯಲ್ಲೇ ಕೋಪ, ಆದರೆ ನನ್ನನ್ನು ಎತ್ತಿ ಆಡಿಸಿದವಳ ಮುಂದೆ ಅದು ನಡೆಯುತ್ತಿರಲಿಲ್ಲ.

ಈ ಸಲ ಮುಂಗಾರಿಗೆ ಕಟ್ಟೆ ತುಂಬಿತು. ಹುತ್ತದ ನೇರಕ್ಕೆ, ಏರಿಯ ಬುಡದಲ್ಲಿ ನೀರು ಜಿನುಗುತ್ತಿತ್ತು. ತಿಳಿಯಾಗಿದ್ದರೆ ಅಷ್ಟು ಭಯವಿಲ್ಲ. ಇದು ಕೆಂಪಗೆ ಕದಡಿತ್ತು, ಅಂದರೆ ಏರಿಯ ಮಣ್ಣೇ ಕರಗಿ ಬರುತ್ತಿತ್ತು. ಕೆಳಗೆ ತಾತನ ಗದ್ದೆಯಿದ್ದಲ್ಲಿ ಈಗ ಎರಡು ಸಾಲು ಮನೆಗಳು, ಬೀದಿಯಲ್ಲಿ ಸೈಕಲ್ ತುಳಿಯುವ ಮಕ್ಕಳು. ಎಲ್ಲರನ್ನೂ ಮೇಲಿನ ರಸ್ತೆಗೆ ಕಳಿಸಿ ತೂಬು ಪೂರ್ತಿ ತೆಗೆದೆ. ನೀರು ಇಳಿಯಲು ಮೂರು ದಿನ ಹಿಡಿಯಿತು.

ಇನ್ನು ಹುತ್ತ ಅಗೆದು ಜೇಡಿಮಣ್ಣು ತುಂಬಿ ದಮ್ಮಸ್ ಹೊಡೆದು ಗಟ್ಟಿ ಮಾಡಬೇಕು. ಕೆಲಸದವರು ಗುದ್ದಲಿ ಕೆಳಗಿಟ್ಟರು. “ನಾವ್ ಮುಟ್ಟಲ್ಲ ಕಣಕ್ಕ.”

ಕೋಪವೆಲ್ಲ ದೊಡ್ಡಮ್ಮನ ಮೇಲೆ ತಿರುಗಿತು. ಅವಳ ಮನೆಗೇ ಹೋಗಿ, “ನಿನ್ನ ಹಾಲಿಗೆ ಊರು ಮುಳುಗ್ಬೇಕಾ?” ಎಂದುಬಿಟ್ಟೆ. ನಾಲಿಗೆ ಕಚ್ಚಿಕೊಂಡೆ. ಅವಳು ಹುರುಳಿ ಆರಿಸುತ್ತಿದ್ದ ಮೊರ ಪಕ್ಕಕ್ಕಿಟ್ಟಳು.

“ಕೆಳಗೆ ಮಕ್ಳು ಎಷ್ಟವೆ?”

“ಹತ್ತು ಹನ್ನೆರಡು.”

“ನಾನ್ ಸಾಕಿದ್ದು. ನಾನೇ ಕೀಳ್ತೀನಿ ಬುಡು.”

ಏರಿ ಹತ್ತಿ ಕೈಮುಗಿದು ಮೊದಲ ಏಟು ಅವಳೇ ಹಾಕಿದಳು. ಆಮೇಲೆ ಕೆಲಸದವರೂ ಕೈ ಹಚ್ಚಿದರು. ಹಾವಿರಲಿಲ್ಲ, ಅದರ ಪೊರೆಯೂ ಇರಲಿಲ್ಲ. ಒದ್ದೆ ಬಿಲ, ಅಷ್ಟೇ. ದೊಡ್ಡಮ್ಮ ಭುಜದವರೆಗೂ ಕೈ ಇಳಿಸಿ ತಡಕಿದಳು.

“ಅಯ್ಯೋ, ಯಾರೂ ಇರ್ಲೇ ಇಲ್ವಲ್ಲ ಕಣಮ್ಮ.”

ನನಗೆ ಅಳು ಬಂತು. ಅವಳು ಅಳಲಿಲ್ಲ. ಜೇಡಿಮಣ್ಣು ಬಿದ್ದಂತೆ ಬರಿಗಾಲಲ್ಲಿ ತುಳಿಯುತ್ತ ನಿಂತಳು.

ಪಂಚಮಿಯ ಹೊತ್ತಿಗೆ ಕಟ್ಟೆ ಮತ್ತೆ ತುಂಬಿತ್ತು, ಬೆಟ್ಟವೂ ನೀರಿಗೆ ಮರಳಿತ್ತು. ದೊಡ್ಡಮ್ಮ ಎಂದಿನಂತೆ ಹಾಲಿನ ಚೊಂಬು ಹಿಡಿದು ಬಂದಳು. ದಮ್ಮಸ್ ಹೊಡೆದ ಜಾಗದಲ್ಲಿ ನಿಂತು ಏರಿಯ ಬುಡದತ್ತ ಬಗ್ಗಿ ನೋಡಿದಳು.

“ಬುಡ ಒಣಗ್ಯದಾ ನೋಡು.”

ಇಳಿದು ಮಣ್ಣು ಮುಟ್ಟಿ ನೋಡಿದೆ. “ಒಣಗಿದೆ ದೊಡ್ಡಮ್ಮ.”

“ಅಂಗಾರೆ ಇದ್ನ ಕಾಯ್ಸಿ ಆ ಮಕ್ಳಿಗ್ ಕೊಡು,” ಎಂದು ಚೊಂಬನ್ನು ನನ್ನ ಕೈಗಿಟ್ಟಳು.