ಮೇಷ್ಟ್ರು ಕೇಳಿದ "ಯಾವಾಗ?"

ಎದುರಿನವರು ಬಾಯಿ ತೆರೆದರೆ ಸಾಕು, ನಮ್ಮ ಇಂಗ್ಲಿಷ್ ಮೇಷ್ಟ್ರ ಎಡಗಣ್ಣು ಅರ್ಧ ಮುಚ್ಚಿಕೊಳ್ಳುತ್ತಿತ್ತು. ಆ ಕಣ್ಣಿಗೆ ಹಾಲಿನವನೂ ಕಳ್ಳ, ನಾನೂ ಕಳ್ಳಿ. ಸೀಮೆಎಣ್ಣೆಗೂ ರೇಷನ್ ಇದ್ದ ಯುದ್ಧಕಾಲ. ಶಿವಮೊಗ್ಗದಲ್ಲಿ ಹೈಸ್ಕೂಲಿಗೆ ಹೋಗುವ ಹುಡುಗಿಯರೇ ಕಡಿಮೆ. ಮೇಷ್ಟ್ರು ನಮ್ಮ ಮನೆಯ ಜಗಲಿಗೇ ಬಂದು ನನಗೆ ಪಾಠ ಹೇಳುತ್ತಿದ್ದರು.

ಸಿಂಪಲ್ ಪಾಸ್ಟ್, ಪ್ರೆಸೆಂಟ್ ಪರ್ಫೆಕ್ಟ್ ಎರಡೂ ನನಗೆ ಕಲಸಿಹೋಗುತ್ತಿದ್ದವು. "ಯೆಸ್ಟರ್‌ಡೇ ಒಳಗೆ ಬಂತು ಅಂದ್ರೆ ಹ್ಯಾವ್ ಹಿತ್ತಿಲಿಂದ ಓಡ್ಬೇಕು," ಎನ್ನುತ್ತಿದ್ದರು. "ಯಾವಾಗ ಅಂತ ಹೇಳಿದ್ರೆ ಸಿಂಪಲ್ ಪಾಸ್ಟು. ಯಾವಾಗಾದ್ರೂ ಆಗಿರ್ಲಿ, ಈಗ ಹೀಗಿದೆ ಅನ್ನೋದಾದ್ರೆ ಪರ್ಫೆಕ್ಟು. ಪುಸ್ತಕದಲ್ಲಿ ಎರಡೂ ಸರಿ. ಮನುಷ್ಯರು ಆಗಿದೆ ಅಂತ ಹೇಳಿದ್ರೆ ಮಾತ್ರ ಯಾವಾಗ ಅಂತ ಕೇಳ್ಬಿಡು."

ನನ್ನನ್ನು ನೋಡಲು ಭದ್ರಾವತಿಯಿಂದ ಗಂಡಿನ ಕಡೆಯವರು ಬಂದ ದಿನ ಮೇಷ್ಟ್ರೂ ಅಲ್ಲೇ ಕೂತಿದ್ದರು.

"ಹುಡುಗನಿಗೆ ಕಾರ್ಖಾನೇಲಿ ಕೆಲಸ ಆಗಿದೆ, ಕ್ವಾರ್ಟರ್ಸೂ ಸಿಕ್ಕಿದೆ," ಎಂದು ಹುಡುಗನ ಸೋದರಮಾವ ಬೀಗಿದರು.

"ಯಾವಾಗ ಸಿಕ್ತು?" ಎಂದರು ಮೇಷ್ಟ್ರು.

"ಹೋದ ವರ್ಷವೇ ಸಿಕ್ತಲ್ಲ."

"ಸಂಸಾರಸ್ಥರಿಗಲ್ವ ಅಲ್ಲಿ ಮನೆ ಕೊಡೋದು?"

ಸೋದರಮಾವ ಉಪ್ಪಿಟ್ಟಿನ ತಟ್ಟೆ ಕೆಳಗಿಟ್ಟರು. ಅಪ್ಪನಿಗೆ ಅವಮಾನವಾಯಿತು. "ಪಾಠ ಹೇಳೋರು ಪಾಠ ಹೇಳ್ಕೊಂಡಿರಿ ಮೇಷ್ಟ್ರೇ," ಎಂದು ಗದರಿ ಮದುವೆ ಮಾತು ಮುಂದುವರಿಸಿದರು.

ಮರುದಿನ ಮೇಷ್ಟ್ರು ರೈಲು ಹತ್ತಿದರು. ಕ್ವಾರ್ಟರ್ಸಿನಲ್ಲಿ ಹುಡುಗನ ಮನೆ ಹುಡುಕಿ ಕದ ತಟ್ಟಿದರೆ, ತೆಗೆದವಳು ಕೂಸನ್ನೆತ್ತಿಕೊಂಡ ತೆಲುಗು ಹೆಂಗಸು. ಗೋಡೆಯ ಮೇಲೆ ಅವಳದೂ ಆ ಹುಡುಗನದೂ ಮದುವೆಯ ಫೋಟೋ. ಅಪ್ಪ ಅದನ್ನೂ ನಂಬದೆ ತಾವೇ ಹೋಗಿ ನೋಡಿಬಂದರು.

ಸಂಬಂಧ ಮುರಿಯಿತು. ಆ ಜನ ಸುಮ್ಮನಿರಲಿಲ್ಲ. ಮೇಷ್ಟ್ರಿಗೆ ಆ ಹುಡುಗಿಯ ಮೇಲೆ ಯಾಕಷ್ಟು ಕಾಳಜಿ ಎಂದು ಪೇಟೆಯಲ್ಲೆಲ್ಲ ಗುಲ್ಲೆಬ್ಬಿಸಿದರು. ಅಪ್ಪನ ತಲೆಯಲ್ಲೂ ಹುಳ ಹೊಕ್ಕಿತು; ಇನ್ನು ಪಾಠ ಸಾಕು ಎಂದುಬಿಟ್ಟರು.

ಮೇಷ್ಟ್ರು ಕೊಡೆ ಎತ್ತಿಕೊಂಡರು. "ನಿಮ್ಮಪ್ಪನ ಮೇಲೆ ಸಿಟ್ಟಾಗ್ಬೇಡಮ್ಮ. ಹೆಣ್ಣು ಹೆತ್ತೋರು ಅನುಮಾನ ಪಡ್ಲೇಬೇಕು. ಪರೀಕ್ಷೆ ಮಾತ್ರ ಬಿಡ್ಬೇಡ."

ನಾನು ಬಿಡಲಿಲ್ಲ. ಪಾಸಾಗಿ ಟೀಚರಾದೆ, ಆಮೇಲೆ ಒಳ್ಳೆಯ ಮನೆಯನ್ನೇ ಸೇರಿದೆ. ನನ್ನ ಬದುಕು ಮೇಷ್ಟ್ರು ಉಳಿಸಿಕೊಟ್ಟದ್ದು. ಅವರು ಮತ್ತೆ ನಮ್ಮ ಬೀದಿಗೆ ಬರಲೇ ಇಲ್ಲ.

ಅವರು ತೀರಿಕೊಂಡ ದಿನ ನಾನು ತವರಿನಲ್ಲಿದ್ದೆ. ತುಂಗೆಯ ದಡದ ಸ್ಮಶಾನಕ್ಕೆ ಹೋಗಿಬಂದ ಅಪ್ಪ, ಸ್ನಾನ ಮುಗಿಸಿ ಅಡುಗೆಮನೆಯ ಬಾಗಿಲಲ್ಲಿ ನಿಂತರು.

"ದೂರದಲ್ಲೇ ನಿಂತಿದ್ದೆ ಮಾರಾಯ್ತಿ," ಎಂದು ಅಮ್ಮನಿಗೆ ಹೇಳಿದರು. "ಹತ್ತಿರ ಹೋಗೋಕೆ ಮುಖ ಇರ್ಲಿಲ್ಲ."